ಅಟ್ಟಕ್ಕೆ ಹಲಗೆ ಹೊಡೆಸಿದ ವರ್ಷ

ಮನುಷ್ಯ ಮೂಲತಃ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆ ಯುಗಯುಗಗಳಿಂದ ಜ್ಞಾನಿಗಳನ್ನು ಕಾಡಿದೆಯಂತೆ. ನಮ್ಮ ಮನೆಯಲ್ಲಿ ಅದು ದಿನಾ ಬೆಳಗಿನ ಕಾಫಿಗೆ ಮುಂಚೆಯೇ ತೀರ್ಮಾನವಾಗುತ್ತಿತ್ತು, ಎರಡು ಥರ. ಕಳ್ಳನಲ್ಲದವನು ಲೋಕದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ದೊಡ್ಡಪ್ಪನ ಸಿದ್ಧಾಂತ. ಕಳ್ಳನಿಗೂ ಪಾಪ ಏನು ಕಷ್ಟವೋ ಎಂಬುದು ನಮ್ಮಪ್ಪನದು. ಇಬ್ಬರದೂ ಒಂದೇ ತೋಟ, ಒಂದೇ ಒಲೆ.

ಎಪ್ಪತ್ತರ ದಶಕದ ಕೊನೆಯ ಮಾತು. ತಿಪಟೂರು ಸೀಮೆಯಲ್ಲಿ ಕೊಬ್ಬರಿ ಮಾಡುವುದೆಂದರೆ ಕಾಯಿಗಳನ್ನು ಸುಲಿಯದೆ ಮಟ್ಟೆಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಅವುಗಳ ತಂಟೆಗೆ ಹೋಗದಿರುವುದು. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಗುಂಡಾಗಬೇಕು. ಗಾಳಿಯಾಡಲೆಂದು ಅಟ್ಟಕ್ಕೆ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಸಂದು ಬಿಟ್ಟೇ ಹಾಸುತ್ತಾರೆ.

ಆ ವರ್ಷ ದೊಡ್ಡಪ್ಪ ಒಂದು ದಿನ ತಲೆಯೆತ್ತಿ ನೋಡಿ, ರಾಶಿ ತಗ್ಗಿದೆ ಎಂದರು. ಅಟ್ಟ ಹತ್ತಿ ಕಾಯಿ ಜೋಡಿಸಿದವನು ಕಾಯಿ ಸುಲಿಯುವ ಆಳು. ಅವನಪ್ಪನ ಕಾಲದಿಂದ ನಮ್ಮ ಮನೆಯ ಕೆಲಸ ಅವರದೇ. ಕಳ್ಳನೆಂಬ ಹೆಸರು ಬಂದರೆ ಸುತ್ತಮುತ್ತ ಯಾರೂ ಅವನನ್ನು ಅಟ್ಟ ಹತ್ತಿಸುವವರಲ್ಲ. ದೊಡ್ಡಪ್ಪ ಬಡಗಿಯನ್ನು ಕರೆಸಿ, ಸಂದುಗಳಿಗೆಲ್ಲ ಕೆಳಗಿನಿಂದ ಹಲಗೆ ಹೊಡೆಸಿ, ಅಟ್ಟದ ಬಾಗಿಲಿಗೆ ಬೀಗ ಜಡಿದರು.

"ಗಾಳಿ ಆಡ್ಬೇಕು ಗೌಡ್ರೇ. ಆ ಸಂದ್ನಾಗೆ ಕೈ ತೂರ್ಬೋದು, ಕಾಯಿ ತೂರಲ್ಲ" ಎಂದ ಆಳು.

"ತೂರಲ್ಲ ಅಂತ ನಿಂಗೆಂಗ್ಲಾ ಗೊತ್ತು? ಅಂದ್ರೆ ತೂರ್ಸಿ ನೋಡಿದೀಯ!"

ಅವನು ಅಪ್ಪನ ಮುಖ ನೋಡಿದ. ಅಪ್ಪ ಅಣ್ಣನ ಬಗ್ಗೆಯೂ ಒಳ್ಳೆಯದನ್ನೇ ಯೋಚಿಸುವವರು. "ನೀನು ಕದಿಯೋನಲ್ಲ ಕಣಪ್ಪ, ನಂಗೊತ್ತಿಲ್ವಾ? ಅಣ್ಣಯ್ಯನೂ ಮನೆ ಒಳ್ಳೇದಕ್ಕೇ ಮಾಡ್ತಾವ್ನೆ, ಬುಡು" ಎಂದರು.

ಮಳೆಗಾಲ ಹಿಡಿಯಿತು. ಅಟ್ಟದ ಕೆಳಗೇ ಅಡುಗೆ ಮಾಡುತ್ತಿದ್ದ ಅವ್ವ ಮುಗ್ಗಲು ನಾತ ಎಂದಳು. "ಹೊಸ ಹಲಗೆ ವಾಸ್ನೆ ಕಣೇ" ಎಂದರು ಅಪ್ಪ. ಆಳು ಇನ್ನೊಮ್ಮೆ ಬಂದು, ಒಂದೇ ಒಂದು ಕಾಯಿ ಇಳಿಸಿ ಒಡೆದು ನೋಡಿ ಎಂದು ಕೈಮುಗಿದ.

"ಒಂದ್ ಒಡ್ಯೋ ನೆಪ್ದಲ್ಲಿ ಹತ್ತು ಇಳಿಸ್ತಾನೆ ಇವ್ನು" ಎಂದರು ದೊಡ್ಡಪ್ಪ.

"ಬ್ಯಾಡಪ್ಪ, ಒಡ್ದು ನೋಡುದ್ರೆ ನಿನ್ ಕೆಲ್ಸದ ಮೇಲೆ ನಂಬ್ಕೆ ಇಲ್ದಂಗಾಯ್ತದೆ" ಎಂದರು ಅಪ್ಪ.

ನನ್ನ ನೆನಪಿನಲ್ಲಿ ಅಣ್ಣತಮ್ಮಂದಿರ ತತ್ತ್ವಗಳು ಒಂದಾದದ್ದು ಅದೊಂದೇ ಸಲ.

ಹೊತ್ತು ಬಂದಾಗ ಬೀಗ ತೆಗೆದರು. ರಾಶಿ ಇಟ್ಟದ್ದು ಇಟ್ಟಂತೆಯೇ ಇತ್ತು. ಒಂದು ಕಾಯಿಯೂ ಅತ್ತಿತ್ತ ಆಗಿರಲಿಲ್ಲ. ಆಳೇ ಸುಲಿದು ಒಡೆದ. ಮೊದಲನೆಯದು ಬೂಷ್ಟು ಹಿಡಿದು ಕಪ್ಪಾಗಿತ್ತು. ಎರಡನೆಯದೂ ಹಾಗೇ. ಬುಟ್ಟಿ ತುಂಬುವ ಹೊತ್ತಿಗೆ ನಾವೆಲ್ಲ ಮೂಗು ಮುಚ್ಚಿಕೊಂಡಿದ್ದೆವು.

"ಕದಿಯಕ್ಕಾಗ್ದೆ ಹೊಟ್ಟೆಕಿಚ್ಚಿಗೆ ಏನೋ ಮಾಡವ್ನೆ" ಎಂದು ದೊಡ್ಡಪ್ಪ ತೀರ್ಪು ಕೊಟ್ಟರು. ಅಪ್ಪ, "ಯಾರ್ದೂ ತಪ್ಪಿಲ್ಲ, ಈ ಸಲ ಮಳೆ ಜಾಸ್ತಿ" ಎಂದು ಎಲ್ಲರನ್ನೂ ಒಟ್ಟಿಗೆ ಕ್ಷಮಿಸಿದರು.

ಆಳು ಎದ್ದು ಪಂಚೆ ಕೊಡವಿಕೊಂಡ. "ಒಬ್ರು ನನ್ನ ನಂಬ್ಲಿಲ್ಲ, ಒಬ್ರು ನಂಬುದ್ರಿ. ಹೇಳಿದ್ ಮಾತ್ನ ಮಾತ್ರ ಇಬ್ರೂ ಕೇಳ್ಲಿಲ್ಲ ಕಣ್ರೀ" ಎಂದ.

ತಿನ್ನಲು ಬಾರದ ಕೊಬ್ಬರಿ ಸಿಕ್ಕಿದ ಬೆಲೆಗೆ ಎಣ್ಣೆ ಗಾಣಕ್ಕೆ ಹೋಯಿತು. ಆಳು ಮುಂದಿನ ಸಾಲಿನಿಂದ ಶೆಟ್ಟಿಕೆರೆಯವರೊಬ್ಬರ ತೋಟದಲ್ಲಿ ಕಾಯಿ ಸುಲಿಯತೊಡಗಿದ.