ಕೈ ಎತ್ತದವಳು

ಆ ಮುದ್ರಣಾಲಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಕೆಲಸಕ್ಕಿದ್ದರು. ಅವರಲ್ಲಿ ಬೈಂಡಿಂಗ್ ವಿಭಾಗದ ಒಬ್ಬಳನ್ನು ಮಾತ್ರ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಕೈ ಎತ್ತದವಳು’ ಎಂದರೆ ಗೇಟಿನ ಕಾವಲುಗಾರನಿಗೂ ಗೊತ್ತಾಗುತ್ತಿತ್ತು. ಆ ಹೆಸರು ಅಂಟಿಕೊಂಡಾಗ ಅವಳಿಗೆ ಇಪ್ಪತ್ತಾರು ವರ್ಷ.

ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಪುಟದ ಅಳತೆಗೆ ಮಡಚುವುದು ಅವಳ ಕೆಲಸ. ಹೆಬ್ಬೆರಳ ಉಗುರು ಎಳೆದಳೆಂದರೆ ಮಡಿಕೆ ಕೂದಲೆಳೆಯಷ್ಟೂ ಆಚೀಚೆ ಹೋಗುತ್ತಿರಲಿಲ್ಲ. ಪಕ್ಕದಲ್ಲೇ ಅಂಚು ಕತ್ತರಿಸುವ ಯಂತ್ರ. ಅದನ್ನು ನಡೆಸುತ್ತಿದ್ದ ಹಿರಿಯ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಯಂತ್ರದ ತಡೆ ಸಡಿಲವಾಗಿದೆ ಎಂದು ದೊಡ್ಡಮ್ಮ ಮೂರು ಸಲ ಹೇಳಿದ್ದಳು. ನಾಲ್ಕನೆಯ ಸಲ ಹೇಳುವ ಮೊದಲೇ ಅಲಗು ಜಾರಿ ಬಲಗೈಯ ಎರಡು ಬೆರಳು ಹೋದವು. ವಿಚಾರಣೆಗೆ ಹೋದ ಕಾರ್ಮಿಕ ಸಂಘದ ಅಧ್ಯಕ್ಷ, ಎಲ್ಲರ ಬಾಯಲ್ಲಿ ಮೀಸೆಯಣ್ಣ, ‘ಅವಳ ಅಜಾಗರೂಕತೆಯೇ ಕಾರಣ’ ಎಂಬ ಕಾಗದಕ್ಕೆ ಸಹಿ ಹಾಕಿ ಬಂದ.

ಮರುತಿಂಗಳು ಸಂಘದ ಚುನಾವಣೆ. ಚುನಾವಣೆ ಎಂದರೆ ಊಟದ ಕೋಣೆಯಲ್ಲಿ ಎಲ್ಲರೂ ಸೇರಿ ಕೈ ಎತ್ತುವುದು. ಮೀಸೆಯಣ್ಣನ ಹೆಸರು ಹೇಳಿದ ಕೂಡಲೇ ಕೈಗಳೆಲ್ಲ ಮೇಲೆದ್ದವು. ಅಚ್ಚಿನ ಯಂತ್ರದ ವಿಭಾಗದಲ್ಲಿದ್ದ ಅವಳ ಸ್ವಂತ ಅಣ್ಣನ ಕೈಯೂ ಎದ್ದಿತು. ದೊಡ್ಡಮ್ಮ ಕೂಡ ಎತ್ತಿದಳು, ಗಾಯವಾಗದ ಎಡಗೈ. ಇವಳ ಎರಡೂ ಕೈಗಳು ಮಡಿಲಲ್ಲೇ ಇದ್ದವು.

ಮೀಸೆಯಣ್ಣ ನಗುತ್ತ ಕೇಳಿದ: “ಯಾಕಮ್ಮ, ಕೈಗೇನಾಯ್ತು?”

“ನನ್ನ ಕೈಗೇನೂ ಆಗಿಲ್ಲ. ಆಗಿದ್ದು ದೊಡ್ಡಮ್ಮನ ಕೈಗೆ.”

ಅಂದು ಕೈ ಎತ್ತಿದವರೆಲ್ಲ ಅವಳ ವಿಷಯದಲ್ಲೂ ಕೈ ಎತ್ತಿಬಿಟ್ಟರು.

ಶಿಕ್ಷೆ ಗಿಕ್ಷೆ ಏನೂ ಆಗಲಿಲ್ಲ. ಊಟದ ಕೋಣೆಯ ಬೆಂಚಿನಲ್ಲಿ ಅವಳ ಅಕ್ಕಪಕ್ಕ ಒಬ್ಬೊಬ್ಬರು ಕೂರುವಷ್ಟು ಜಾಗ ಖಾಲಿ ಬೀಳತೊಡಗಿತು, ಅಷ್ಟೇ. ಬಸ್ಸಿನಲ್ಲಿ ಜೊತೆಯವರು ಕಿಟಕಿಯಾಚೆ ನೋಡತೊಡಗಿದರು. ಮನೆಗೆ ಬಂದ ಅಣ್ಣ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಬೈದ: “ಊರಿಗೆಲ್ಲ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ ಅನ್ನೋ ಹಾಗಾಯ್ತು. ನನಗೆ ಇಬ್ರು ಮಕ್ಕಳಿದಾರೆ ಕಣೇ, ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡ.” ಆಮೇಲೆ ಅತ್ತಿಗೆ ಊಟಕ್ಕೆ ಕರೆಯುವುದನ್ನು ನಿಲ್ಲಿಸಿದಳು. ನೋಡಿ ಹೋಗಿದ್ದ ಒಂದು ಗಂಡಿನ ಕಡೆಯವರು ತಿರುಗಿ ಬರಲಿಲ್ಲ. ಅವಳೂ ಮತ್ತೆ ಯಾರನ್ನೂ ಕಾಯಲಿಲ್ಲ.

ಹೀಗೆ ಏಳು ವರ್ಷ ಕಳೆದ ಮೇಲೆ ಸಂಘ ಪದ್ಧತಿ ಬದಲಿಸಿತು. ಇನ್ನು ಎಲ್ಲರೂ ಕೈ ಎತ್ತಬೇಕಿಲ್ಲ. ಐದು ವಿಭಾಗಗಳು ಒಬ್ಬೊಬ್ಬ ಪ್ರತಿನಿಧಿಯನ್ನು ಆರಿಸಬೇಕು, ಆ ಐವರು ಸೇರಿ ಅಧ್ಯಕ್ಷನನ್ನು ಆರಿಸಬೇಕು. ಐವರು ಒಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು, ಟೀ ಕುಡಿದರು, ಹೊರಗೆ ಬಂದು ಮೀಸೆಯಣ್ಣ ಎಂದರು.

“ಹಳೇ ಗಂಡನ ಪಾದವೇ ಗತಿ,” ಎಂದು ಗೊಣಗಿದವರು ಕರಡು ತಿದ್ದುವ ಮೇಷ್ಟ್ರು. ಅವಳೊಡನೆ ಮಾತಾಡುತ್ತಿದ್ದವರು ಅವರೊಬ್ಬರೇ. ಆ ವಾರ ಶಾಲೆಯ ಪೌರನೀತಿ ಪುಸ್ತಕದ ಹಾಳೆಗಳು ಅವಳ ಮೇಜಿಗೆ ಬಂದಿದ್ದವು. ಮಡಚುತ್ತ ಮಡಚುತ್ತ ಅವಳು ಓದಿದಳು. ಕೆಲವು ದೇಶಗಳಲ್ಲಿ ನಾಯಕನಿಗೆ ಜನರೇ ನೇರವಾಗಿ ಮತ ಹಾಕುತ್ತಾರಂತೆ. ಕೆಲವೆಡೆ ಜನ ಸದಸ್ಯರನ್ನು ಆರಿಸುತ್ತಾರೆ, ಸದಸ್ಯರು ನಾಯಕನನ್ನು. ಇನ್ನು ಕೆಲವೆಡೆ ಚೀಟಿಯಲ್ಲಿ ಇರುವುದೇ ಒಂದು ಹೆಸರು.

“ಇದರಲ್ಲಿ ಯಾವ್ದು ಸರಿ ಮೇಷ್ಟ್ರೇ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಪರೀಕ್ಷೆಗೆ ಬೇಕಾದ ಉತ್ತರ ಪುಸ್ತಕದಲ್ಲಿದೆ. ನನ್ನ ಕೇಳಿದ್ರೆ, ಬೇಡ ಅಂದವರು ಮಾರನೇ ದಿನ ಎಲ್ಲರ ಜೊತೆ ಕೂತು ಉಣ್ಣೋಕಾಗುತ್ತಾ ಅಂತ ನೋಡ್ಬೇಕು.”

ಮರುವರ್ಷ ಮೇಷ್ಟ್ರು ನಿವೃತ್ತರಾದರು. ಹಗಲಿಡೀ ತುಟಿ ಬಿಚ್ಚದೆ ಮನೆಗೆ ಮರಳುವ ದಿನಗಳು ಹೆಚ್ಚಾದವು.

ಮತ್ತೆ ನಾಲ್ಕು ವರ್ಷಕ್ಕೆ ಕಾರ್ಮಿಕ ಇಲಾಖೆಯ ಆದೇಶ ಬಂತು: ಅಧ್ಯಕ್ಷನ ಆಯ್ಕೆ ಗುಪ್ತ ಮತದಾನದಿಂದಲೇ ಆಗಬೇಕು. ಮೀಸೆಯಣ್ಣನ ಎದುರು ಯಾರೂ ನಿಲ್ಲಲಿಲ್ಲ. ಕೊನೆಯ ದಿನ ಅವಳು ಅರ್ಜಿ ತುಂಬಿದಳು. ಸೂಚಕರೊಬ್ಬರ ಸಹಿ ಬೇಕಿತ್ತು. ಅರ್ಜಿ ಹಿಡಿದು ಮೇಜಿನಿಂದ ಮೇಜಿಗೆ ಹೋದಳು. ಒಬ್ಬರಿಗೆ ಕನ್ನಡಕ ಮನೆಯಲ್ಲಿ ಮರೆತುಹೋಗಿತ್ತು, ಇನ್ನೊಬ್ಬರಿಗೆ ಗಂಡನನ್ನು ಕೇಳಬೇಕಿತ್ತು. ದೊಡ್ಡಮ್ಮನ ಹತ್ತಿರ ಅವಳು ಹೋಗಲಿಲ್ಲ. ದೊಡ್ಡಮ್ಮನೇ ಎದ್ದು ಬಂದು, ಪೆನ್ನನ್ನು ಉಳಿದ ಮೂರು ಬೆರಳಲ್ಲಿ ಹಿಡಿದು, ಬಹಳ ಹೊತ್ತು ತೆಗೆದುಕೊಂಡು ಸಹಿ ಹಾಕಿದಳು. ಪೆನ್ನು ಮುಚ್ಚಿ ಕೊಟ್ಟು ತನ್ನ ಜಾಗಕ್ಕೆ ಮರಳಿದಳು.

ಎಣಿಕೆಯ ದಿನ ಅಭ್ಯರ್ಥಿಯಾದ್ದರಿಂದ ಮೇಜಿನ ಮುಂದೆಯೇ ಅವಳಿಗೆ ಕುರ್ಚಿ ಸಿಕ್ಕಿತು. ಚೀಟಿಗಳನ್ನು ಒಂದೊಂದಾಗಿ ಬಿಚ್ಚಿ ಎರಡು ಗುಡ್ಡೆ ಮಾಡುತ್ತಿದ್ದರು. ತನ್ನ ಗುಡ್ಡೆ ಬೆಳೆಯುವುದನ್ನು ಅವಳು ನಂಬಲಾರದೆ ನೋಡಿದಳು. ಆಮೇಲೆ ಅವಳ ಕಣ್ಣು ಮಡಿಕೆಗಳ ಮೇಲೆ ಬಿತ್ತು. ಆ ಗುಡ್ಡೆಯ ಹಲವು ಚೀಟಿಗಳ ಮಡಿಕೆ ಉಗುರೆಳೆದಂತೆ ನೇರವಾಗಿತ್ತು. ಅವು ಬೈಂಡಿಂಗ್ ಹೆಂಗಸರ ಕೈ. ಇದು ಯಾರ ಮಡಿಕೆ, ಅದು ಯಾರದು ಎಂದು ಇನ್ನೊಂದು ಗಳಿಗೆ ನೋಡಿದ್ದರೆ ಹೇಳಿಬಿಡುತ್ತಿದ್ದಳು. ಅಷ್ಟರಲ್ಲಿ ಅವಳ ಗುಡ್ಡೆಗೆ ಇನ್ನೊಂದು ಚೀಟಿ ಬಂತು. ಅದರ ಮೂಲೆಯಲ್ಲಿ ಅಚ್ಚಿನ ಯಂತ್ರದ ವಿಭಾಗದವರ ಬೆರಳಿಗೆ ಹತ್ತುವ ಕಪ್ಪು ಮಸಿ. ಆ ವಿಭಾಗದಲ್ಲಿ ನಲವತ್ತು ಜನರಿದ್ದರು, ಅವರಲ್ಲಿ ಅಣ್ಣನೂ ಒಬ್ಬ.

ಅವಳು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಗುಟ್ಟಾಗಿ ಕೊಟ್ಟದ್ದನ್ನು ಇಣುಕಿ ನೋಡಬಾರದು ಎನ್ನಿಸಿತು. ಎಣಿಕೆ ಮುಗಿಯುವವರೆಗೂ ಹೊರಗೆ ನಿಂತ ಲಾರಿಯಿಂದ ಕಾಗದದ ಸುರುಳಿ ಇಳಿಸುವುದನ್ನೇ ನೋಡುತ್ತ ಕೂತಳು.

ಮೀಸೆಯಣ್ಣನಿಗೆ ನೂರ ನಲವತ್ತಮೂರು. ಅವಳಿಗೆ ಅರವತ್ತಾರು.

ಮಾರನೇ ದಿನ ಊಟದ ಹೊತ್ತಿಗೆ ಅವಳು ಬೆಂಚಿನ ಮೇಲೆ ತುಸು ಸರಿದು ಕೂತಳು. ಯಾರಾದರೂ ಬಂದರೆ ಜಾಗವಿರಲಿ ಎಂದು. ದೊಡ್ಡಮ್ಮ ಡಬ್ಬಿ ಹಿಡಿದು ಹತ್ತಿರ ಬಂದಾಗ “ಬನ್ನಿ, ಕೂತ್ಕೊಳ್ಳಿ” ಎಂದಳು. ದೊಡ್ಡಮ್ಮ ಸುತ್ತ ನೋಡಿ, “ನಾಳೆ ಬರ್ತೀನಿ ಕಣಮ್ಮ” ಎಂದು ಮುಂದೆ ಹೋದಳು. ಆ ನಾಳೆ ಬರಲಿಲ್ಲ. ತನ್ನ ಮತ ಬಿಟ್ಟರೆ ಅರವತ್ತೈದು ಜನ ಆ ಕೋಣೆಯಲ್ಲೇ ಎಲ್ಲೋ ಕೂತು ಉಣ್ಣುತ್ತಿದ್ದರು. ಮೊದಲು ಯಾರೂ ಇಲ್ಲವೆಂದು ಅಳು ಬರುತ್ತಿತ್ತು. ಈಗ ಇದ್ದಾರೆಂದು ಗೊತ್ತಾದ ಮೇಲೆ ಇನ್ನೂ ಕಷ್ಟವಾಯಿತು.

ಆಮೇಲೆ ಎರಡು ಸಲ ನಿಂತಳು, ಎರಡು ಸಲವೂ ಸೋತಳು. ಕಾಯಿಲೆ ಬಿದ್ದ ಅಣ್ಣನನ್ನು ಆಸ್ಪತ್ರೆಯಲ್ಲಿ ನೋಡಿಕೊಂಡ ಒಂದು ತಿಂಗಳಲ್ಲಿ ಆ ಮಸಿ ಹತ್ತಿದ ಚೀಟಿ ನಿನ್ನದಾ ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡಳು. ಅವನೂ ಹೇಳದೆಯೇ ಹೋದ.

ಈಗ ಅವಳಿಗೆ ಅರವತ್ತೆಂಟು, ಮೂರನೇ ಮಹಡಿಯಲ್ಲಿ ಒಂದು ಕೋಣೆ. ಮೊನ್ನೆ ದೇಶದ ಚುನಾವಣೆಯಲ್ಲಿ ಮತಗಟ್ಟೆಗೆ ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದಳು. ಪಟ್ಟಿ ನೋಡುತ್ತಿದ್ದ ಗುಮಾಸ್ತೆ ಕನಿಕರದಿಂದ ಕೇಳಿದಳು: “ಒಬ್ರೇ ಬಂದ್ರಾ ಅಜ್ಜಿ?”

“ಇಲ್ಲಿ ಎಲ್ರೂ ಒಬ್ಬೊಬ್ರೇ ಅಲ್ವೇನಮ್ಮ ಒಳಗೆ ಹೋಗೋದು?”

ಮತ ಹಾಕಿ ಹೊರಬಂದಾಗ ಸಾಲು ಬೀದಿಯ ತಿರುವಿನವರೆಗೂ ಬೆಳೆದಿತ್ತು. ಅದರ ಪಕ್ಕದಲ್ಲೇ ನಿಧಾನವಾಗಿ ನಡೆದು, ಅಂಗಡಿಯಲ್ಲಿ ಅರ್ಧ ಲೀಟರ್ ಹಾಲು ಕೊಂಡು ಮೆಟ್ಟಿಲು ಹತ್ತಿದಳು.