ಕಣಕಟ್ಟೆಯಲ್ಲಿ ರಕ್ತ ಕೊಟ್ಟ ದಿನ

ಸೂಜಿ ಅಂದರೆ ನನಗೆ ಭಯ ಇಲ್ಲ, ಸಿಟ್ಟು. ಹೋದ ವರ್ಷ ಆಸ್ಪತ್ರೆಯವರು ಕಣಕಟ್ಟೆಗೆ ಬಂದು, ಎಲ್ಲ ವಯಸ್ಸಿನವರ ರಕ್ತವೂ ಬೇಕು, ಯಾರ ಮೈಯಲ್ಲಿ ಯಾವ ಕಾಯಿಲೆ ತಡೆಯೋ ಶಕ್ತಿ ಇದೆ ಅಂತ ನೋಡಬೇಕು ಅಂದರು. "ಸೊಳ್ಳೆ ಕುಡಿದು ಉಳಿಸಿರೋದು ಅಷ್ಟಿಷ್ಟು ಐತೆ, ಅದೂ ಬೇಕೇನವ್ವಾ ನಿಮಗೆ?" ಅಂತ ರೇಗಿದೆ. ನರ್ಸಮ್ಮ ನಕ್ಕಳು. ನನ್ನ ಮಗಳು ಆಗಲೇ ತೋಳು ಚಾಚಿ ಕೂತಿದ್ದಳು.

ಮಗಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳೋದಿಲ್ಲ, ಮಾತೂ ಬರಲಿಲ್ಲ. ಅರಸೀಕೆರೆಯಲ್ಲಿ ಹೊಲಿಗೆ ಕಲಿತು ಅಲ್ಲೇ ಅಂಗಡಿಗೆ ಹೋಗ್ತಾಳೆ. ಮದುವೆಯಾಗಿ ಆಗ ಆರು ತಿಂಗಳು. ನಾವಿಬ್ಬರೂ ಕೈಯಲ್ಲೇ ಮಾತಾಡ್ತೀವಿ, ಜಗಳಾನೂ ಕೈಯಲ್ಲೇ. ಆದರೂ ಎದುರು ಮನೆ ಹುಡುಗಿ ಬಾಗಿಲಲ್ಲಿ ನಿಂತು "ಅವ್ವೋ" ಅಂತ ಅವಳ ತಾಯಿಯನ್ನ ಕೂಗಿದರೆ ಇವತ್ತಿಗೂ ತಿರುಗಿ ನೋಡ್ತೀನಿ. ಒಂದೇ ಒಂದು ಸಲ ಇವಳ ಬಾಯಲ್ಲಿ ಕೇಳಬೇಕು ಅನ್ನೋ ಆಸೆ, ಹಾಳಾದ್ದು, ಸಾಯೋದೇ ಇಲ್ಲ.

ನರ್ಸಮ್ಮ ಅವಳ ತೋಳಿಗೆ ಪಟ್ಟಿ ಬಿಗಿಯುತ್ತಾ ಕೇಳಿದಳು, "ಇವಳು ಹೊಟ್ಟೇಲಿದ್ದಾಗ ನಿಮಗೆ ಮೈಮೇಲೆ ಏನಾದ್ರೂ ಎದ್ದಿತ್ತಾ?"

ಎದ್ದಿತ್ತು. ಆಗ ಮೂರು ತಿಂಗಳು ನನಗೆ. ಪಕ್ಕದ ಮನೆ ಮಗುವಿಗೆ ಅಮ್ಮ ಬಂದಿದ್ದಳು. ಮೈಮೇಲೆ ಗುಳ್ಳೆ ಎದ್ದರೆ ನಮ್ಮ ಕಡೆ ಕಾಯಿಲೆ ಅನ್ನೋದಿಲ್ಲ, ದೇವಿ ಮನೆಗೆ ಬಂದಳು ಅಂತೀವಿ. ಬಾಗಿಲಿಗೆ ಬೇವು ಸಿಕ್ಕಿಸ್ತಾರೆ, ನೆರೆಯವರು ಮೊಸರನ್ನ ಒಯ್ದು ಎಡೆ ಇಟ್ಟು ಬರ್ತಾರೆ. "ಬಸುರಿ ಹೆಂಗಸು, ನೀನೇ ಹೋಗು, ಒಳ್ಳೇದಾಯ್ತದೆ" ಅಂದರು ಅತ್ತೆ. ಹೋದೆ. ಮಗುವನ್ನ ತೊಡೆ ಮೇಲೆ ಮಲಗಿಸಿಕೊಂಡು ಬೇವಿನ ಸೊಪ್ಪಲ್ಲಿ ನೇವರಿಸಿದೆ. ಎರಡು ವಾರಕ್ಕೆ ನನ್ನ ಮೈಮೇಲೂ ಸಣ್ಣಗೆ ಕೆಂಪು ಎದ್ದಾಗ ಎಷ್ಟು ಹಿಗ್ಗಿದ್ದೆ ಅಂತೀರಿ! ನನ್ನ ಮೇಲೂ ದೇವಿಗೆ ದಯೆ ಬಂತು ಅಂದುಕೊಂಡೆ.

"ಅದು ರುಬೆಲ್ಲಾ ಇರಬಹುದು," ಅಂದಳು ನರ್ಸಮ್ಮ ಮೆಲ್ಲಗೆ. "ಖಂಡಿತ ಅಂತ ಈಗ ಹೇಳೋಕಾಗಲ್ಲ. ಬಸುರಿಗೆ ಬಂದರೆ ಕೆಲವು ಸಲ ಮಗುವಿನ ಕಿವಿ ಹೋಗುತ್ತೆ. ಈಗಿನ ಮಕ್ಕಳಿಗೆ ಒಂಬತ್ತು ತಿಂಗಳು ತುಂಬುತ್ತಲೇ ಲಸಿಕೆ ಇದೆ. ನಿಮ್ಮ ವಯಸ್ಸಿನೋರಲ್ಲಿ ಬಹಳ ಜನಕ್ಕೆ ಕಾಯಿಲೆನೇ ಬಂದು ಹೋಗಿ ಶಕ್ತಿ ಉಳಿದಿರುತ್ತೆ. ನಡುವಿನ ವಯಸ್ಸಿನ ಕೆಲವು ಹುಡುಗೀರಿಗೆ ಎರಡೂ ಇಲ್ಲ. ಇವಳು ಬಸುರಿಯಾಗೋ ಮುಂಚೆ ಡಾಕ್ಟರಿಗೆ ತೋರಿಸಿ, ಬೇಕಂದ್ರೆ ಲಸಿಕೆ ಹಾಕಿಸಿ, ಆಮೇಲೆ ಒಂದು ತಿಂಗಳು ತಡೀರಿ."

ಗ್ರಹಣದ ದಿನ ನಾನು ಹೊರಗೆ ಬಂದಿದ್ದಕ್ಕೇ ಹಿಂಗಾಯ್ತು ಅಂತ ಅತ್ತೆ ಸಾಯೋವರೆಗೂ ಅಂದರು. ಅವರ ಬಾಯಿಗೆ ಮಣ್ಣು ಬೀಳ ಅಂತ ಬೈದುಕೊಂಡೇ ಇಷ್ಟು ವರ್ಷ ಕಳೆದೆ. ಈಗ ಯಾರನ್ನ ಬೈಯಲಿ?

ಆಸ್ಪತ್ರೆಯವರು ಹೋದ ಮೇಲೆ ಮಗಳಿಗೆ ಲಸಿಕೆಯ ವಿಷಯವಷ್ಟೇ ಹೇಳಿದೆ. ಚೆನ್ನಾಗೇ ಇದ್ದೀನಲ್ಲ, ನನಗ್ಯಾಕೆ, ಅಂತ ಕೈಯಾಡಿಸಿದಳು. ಹಾಕಿಸ್ಕೊಳ್ಳೇಬೇಕು ಅಂದೆ. ಯಾಕೆ ಅಂತ ಪಟ್ಟು ಹಿಡಿದಳು, ಹಟದಲ್ಲಿ ನನ್ನ ಮಗಳೇ. ನಿಜ ಹೇಳಿದರೆ ಇವಳು ಇನ್ನು ನನ್ನ ಮುಖ ನೋಡ್ತಾಳಾ? ಹೇಳದೇ ಹೋದರೆ ಅವಳಿಗೆ ಹುಟ್ಟೋ ಕೂಸಿಗೂ ಹಿಂಗೇ ಆದರೆ?

ಹೇಳಿದೆ. ನನ್ನ ಹೊಟ್ಟೆ ಮುಟ್ಟಿ ತೋರಿಸಿದೆ. ಪಕ್ಕದ ಮನೆ, ತೊಡೆ ಮೇಲಿನ ಮಗು, ಆಮೇಲೆ ನನ್ನ ತೋಳ ಮೇಲೆ ಬೆರಳ ತುದಿಯಿಂದ ಚುಕ್ಕೆ ಚುಕ್ಕೆ. ಕೊನೆಗೆ ಅವಳ ಕಿವಿ ಮುಟ್ಟಿದೆ.

ಅವಳು ನನ್ನ ತೋಳನ್ನ ತನ್ನ ಕಡೆ ಎಳೆದುಕೊಂಡು, ನಾನು ಚುಕ್ಕೆ ಇಟ್ಟ ಕಡೆಯೆಲ್ಲ ಸವರಿ, ತುಂಬಾ ಉರೀತಾ ಅಂತ ಕೇಳಿದಳು.

ಇಲ್ಲ ಕಣೇ, ನನಗೇನೂ ಆಗಲಿಲ್ಲ, ಅಂತ ತಲೆಯಾಡಿಸಿದೆ.

ಸದ್ಯ, ಅನ್ನೋ ಹಾಗೆ ಅವಳು ಎದೆ ಮೇಲೆ ಕೈ ಇಟ್ಟುಕೊಂಡಳು.