ಗುರುವಿನ ಹೆಸರಿನ ಒಂದು ಗೀಟು

ಲುವಾನ್ ಶೌರೆನ್ ಜಾಂಗ್‌ಚೂ ತಾಲೂಕು ಕಚೇರಿಯ ಬರಹಗಾರ. ಮೂರು ವರ್ಷಕ್ಕೊಮ್ಮೆ ದೊರೆಯ ಅಧಿಕಾರಿಗಳನ್ನು ಆರಿಸುವ ಪ್ರಾಂತ ಪರೀಕ್ಷೆ ನಡೆದಾಗ ಅವನನ್ನು ನಕಲು ಮಾಡಲು ಜಿನಾನ್ ನಗರಕ್ಕೆ ಕರೆಸುತ್ತಿದ್ದರು. ಪರೀಕ್ಷೆಗೆ ಕೂತವರು ಕಪ್ಪು ಶಾಯಿಯಲ್ಲಿ ಬರೆದದ್ದನ್ನು ನಕಲುಗಾರರು ಕೆಂಪು ಶಾಯಿಯಲ್ಲಿ ಇದ್ದದ್ದು ಇದ್ದಂತೆ ಇಳಿಸಬೇಕು. ಪರೀಕ್ಷಕರ ಕೈಗೆ ಹೋಗುವುದು ಕೆಂಪು ಪ್ರತಿ ಮಾತ್ರ. ಕೈಬರಹ ನೋಡಿ ಇವನು ನಮ್ಮವನು ಎಂದು ಯಾರೂ ಗುರುತು ಹಿಡಿಯಬಾರದಲ್ಲ, ಅದಕ್ಕೆ. ಬರೆದವನ ಹೆಸರನ್ನೂ ಮಡಿಸಿ, ಅಂಟಿಸಿ, ಮುದ್ರೆ ಒತ್ತಿರುತ್ತಿದ್ದರು. ತಪ್ಪಿದ್ದರೆ ತಪ್ಪನ್ನೂ ಹಾಗೆಯೇ ಬರೆಯಬೇಕು. ತಿದ್ದಿದವನಿಗೆ ಬೆತ್ತದೇಟು, ಗಡೀಪಾರು. ಒಳಸಂಚು ಎಂದು ತೋರಿದರೆ ತಲೆಯೂ ಹೋದೀತು.

ಚೀನಾದಲ್ಲಿ ಚಿಂಗ್ ದೊರೆಗಳ ಕೊನೆಗಾಲ ಅದು. ಎಂಟನೆಯ ತಿಂಗಳ ಒಂದು ಬೆಳಿಗ್ಗೆ ನವಣೆ ಗಂಜಿ ಕುಡಿದು ಬಂದ ಲುವಾನ್, ತನ್ನ ಪಾಲಿನ ಕಟ್ಟಿನಿಂದ ಎರಡನೆಯ ಉತ್ತರವನ್ನು ಬಿಚ್ಚಿದ. ಮೊದಲ ಸಾಲಿನಲ್ಲೇ ಅವನಿಗೆ ಗುರುತು ಸಿಕ್ಕಿತು.

ಕುವಾಂಗ್ ಮೇಷ್ಟ್ರ ಕೈ ಅದು. ಗೀಟು ಮುಗಿಯುವಲ್ಲಿ ಕುಂಚವನ್ನು ಎಡಕ್ಕೆ ಚೂರು ಎಳೆಯುವ ಅಭ್ಯಾಸ ಅವರಿಗಲ್ಲದೆ ಬೇರೆಯವರಿಗಿಲ್ಲ. ಆ ಎಳೆತ ಲುವಾನ್‌ನ ಕೈಗೂ ಅಂಟಿಕೊಂಡಿತ್ತು; ಬಿಡಿಸಿಕೊಳ್ಳಲು ಅವನಿಗೆ ಹತ್ತು ವರ್ಷ ಹಿಡಿದಿತ್ತು. ತೋಫು ಮಾರುವವನ ಮಗನಾದ ಅವನನ್ನು ಊರಿನ ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳದಿದ್ದಾಗ, ಕನ್ಫ್ಯೂಷಿಯಸ್ ಗುರು ಯಾರನ್ನೂ ಬಾಗಿಲಿಂದ ಆಚೆ ಕಳಿಸಲಿಲ್ಲ, ನಾನ್ಯಾರು ಕಳಿಸೋಕೆ ಎಂದು ಕರೆದು ಕೂರಿಸಿದವರು ಅವರು. ಅವರಿಗೀಗ ಎಪ್ಪತ್ತೊಂದು. ಹದಿಮೂರು ಸಲ ಈ ಪರೀಕ್ಷೆಗೆ ಕೂತು ಹದಿಮೂರು ಸಲವೂ ಸೋತಿದ್ದರು.

ಲುವಾನ್ ಅತ್ತಿತ್ತ ನೋಡಿದ. ಎಡಬಲದಲ್ಲಿ ಸಾಲುಸಾಲು ಬಾಗಿದ ತಲೆಗಳು. ಕಾವಲುಗಾರ ಆ ತುದಿಯಲ್ಲಿ ತಿರುಗುತ್ತಿದ್ದ. ಲುವಾನ್ ಕುಂಚ ಅದ್ದಿ ಬರೆಯತೊಡಗಿದ. ಬರೆಯುತ್ತ ಬರೆಯುತ್ತ ಅವನ ಎದೆ ಅರಳಿತು. ಅಲಂಕಾರವಿಲ್ಲ, ಹೊಗಳಿಕೆಯಿಲ್ಲ, ಮನೆಯಲ್ಲಿ ಎದುರಿಗೆ ಕೂತು ಹೇಳಿದ ಹಾಗಿತ್ತು. ಇಪ್ಪತ್ತು ವರ್ಷದಲ್ಲಿ ಅವನು ಇಳಿಸಿದ ಬರಹಗಳಲ್ಲಿ ಇಂಥದ್ದು ಇನ್ನೊಂದಿರಲಿಲ್ಲ. ಈ ಸಲ ಗೆದ್ದರು ಎಂದುಕೊಂಡ.

ಐದನೆಯ ಹಾಳೆಯಲ್ಲಿ ಅವನ ಕುಂಚ ಗಾಳಿಯಲ್ಲೇ ನಿಂತಿತು.

ಅಲ್ಲಿ ದಿಬ್ಬ ಎಂಬ ಅರ್ಥದ 'ಚ್ಯೂ' ಅಕ್ಷರವಿತ್ತು. ಸಣ್ಣ ಅಕ್ಷರ, ಐದೇ ಗೀಟು. ಆದರೆ ಅದು ಕನ್ಫ್ಯೂಷಿಯಸ್ ಗುರುವಿನ ಹುಟ್ಟುಹೆಸರು. ಅದನ್ನು ಪೂರ್ತಿ ಬರೆಯುವುದು ಅಪಚಾರ; ಒಂದು ಗೀಟು ಬಿಟ್ಟೇ ಬರೆಯಬೇಕು. ಏಳು ವರ್ಷದ ಮಕ್ಕಳಿಗೂ ಗೊತ್ತಿರುವ ವಿಷಯ. ಲುವಾನ್‌ನ ಅಂಗೈಗೆ ಪಟ್ಟಿಯಿಂದ ಬಾರಿಸಿ ಅದನ್ನು ಕಲಿಸಿದವರೇ ಕುವಾಂಗ್ ಮೇಷ್ಟ್ರು. ಅವರೇ ಇಲ್ಲಿ ಐದೂ ಗೀಟು ಬರೆದಿದ್ದರು. ಇಂಥ ತಪ್ಪುಗಳನ್ನು ಹೆಕ್ಕಿ ತೆಗೆಯಲೆಂದೇ ಇದ್ದ ಕಚೇರಿಯವರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಪರೀಕ್ಷಕರ ಕಣ್ಣಿಗೆ ಬೀಳದೆ ಇರುವುದಿಲ್ಲ; ಬಿದ್ದರೆ ಬರಹ ಎಷ್ಟೇ ಚೆನ್ನಾಗಿರಲಿ, ಅಲ್ಲಿಗೇ ಮುಗಿಯಿತು.

ಕಾವಲುಗಾರನ ಹೆಜ್ಜೆ ಹತ್ತಿರ ಬರುತ್ತಿತ್ತು. ಲುವಾನ್ ಬರೆದ. ನಾಲ್ಕು ಗೀಟು. ಮುಂದಿನ ಅಕ್ಷರಕ್ಕೆ ಹೋದ. ರೂಢಿಯ ಮೇಲೆ ಕೈ ತಾನಾಗಿ ಬಿಟ್ಟಿತೋ, ತಾನೇ ಬಿಟ್ಟನೋ, ಮುಂದೆ ಎಷ್ಟು ವರ್ಷ ಯೋಚಿಸಿದರೂ ಅವನಿಗೆ ತಿಳಿಯಲಿಲ್ಲ.

ಮಧ್ಯಾಹ್ನ ತಾಳೆ ನೋಡುವ ಕೋಣೆಯಿಂದ ಕರೆ ಬಂತು. ಕಪ್ಪು ಕೆಂಪು ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದು ಷಾವ್ ಎಂಬವನ ಕೆಲಸ. ಮೂವತ್ತರ ಪ್ರಾಯ, ಹದ್ದಿನ ಕಣ್ಣು. ಲುವಾನ್ ಒಳಗೆ ಬಂದ ಮೇಲೆ ಅವನು ಬಾಗಿಲು ಓರೆ ಮಾಡಿದ.

"ಲುವಾನಣ್ಣ, ಕೂತ್ಕೊ. ನಿನ್ನ ಪ್ರತೀಲಿ ತಪ್ಪು ಹಿಡಿದೋನು ನಾನೇ ಮೊದಲು ಅಂತ ಕಾಣುತ್ತೆ." ಅವನ ಬೆರಳು ಐದನೆಯ ಹಾಳೆಯ ಮೇಲಿತ್ತು. "ಕಪ್ಪಲ್ಲಿ ಐದು, ಕೆಂಪಲ್ಲಿ ನಾಲ್ಕು. ಏನಿದು?"

"ರೂಢಿ... ಕೈ ಬಿಟ್ಟುಬಿಡ್ತು."

"ಹೌದಾ? ಹಂಗಾದ್ರೆ ಮುಖ ಯಾಕೆ ಸುಣ್ಣದ ಹಂಗಾಗಿದೆ?"

ಲುವಾನ್ ಮುಖ ಬೇರೆಡೆ ತಿರುಗಿಸಿದ.

"ಯಾರಿದು? ಅಣ್ಣನೋ, ಮಾವನೋ?"

"ಮೇಷ್ಟ್ರು," ಎಂದ ಲುವಾನ್. ಆ ಒಂದು ಮಾತಿನೊಂದಿಗೆ ತನ್ನ ಕುತ್ತಿಗೆಯನ್ನೇ ಅವನ ಕೈಗೆ ಕೊಟ್ಟಂತಾಯಿತು.

ಷಾವ್ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ ದನಿ ತಗ್ಗಿಸಿದ. "ಓದಿದೆ ನಾನು. ಮುದುಕ ಚೆನ್ನಾಗಿ ಬರ್ದಿದಾನೆ ಕಣಯ್ಯ. ನನಗೇನು, ಕಣ್ತಪ್ಪಿತು ಅಂತ ದಾಟಿಸಿಬಿಡ್ತೀನಿ. ಆದ್ರೆ ಇದು ಪಾಸಾದ್ರೆ ಏನಾಗುತ್ತೆ ಗೊತ್ತಲ್ಲ? ಮುದ್ರೆ ಒಡೀತಾರೆ, ಎರಡನ್ನೂ ಜೋಡಿಸಿ ರಾಜಧಾನಿಗೆ ಕಳಿಸ್ತಾರೆ. ಅಲ್ಲಿ ಒಂದು ಗೀಟು ಬಿಡದೆ ಎಣಿಸೋರಿದಾರೆ. ಬರೆದೋನು ಯಾವೂರು, ನಕಲು ಮಾಡಿದೋನು ಯಾವೂರು ಅಂತ ಕೇಳ್ತಾರೆ."

"ಒಂದೇ ಊರು."

"ಆಗ ನಿಂದು ಹೋಗಲಿ, ಮುದುಕನ ಕೈಗೂ ಬೇಡಿ ಬೀಳುತ್ತೆ. ಸೋತು ಮನೇಲಿ ಸಾಯೋದು ಬೇರೆ, ಕಳ್ಳ ಅನ್ನಿಸ್ಕೊಂಡು ಜೈಲಲ್ಲಿ ಸಾಯೋದು ಬೇರೆ. ನೀನೇ ಹೇಳು, ದಾಟಿಸ್ಲಾ?"

ಹೊರಗೆ ಯಾರೋ ಕೆಮ್ಮಿದರು. ಷಾವ್ ಕೆಂಪು ಶಾಯಿಯ ಬಟ್ಟಲನ್ನು ಮುಂದೆ ತಳ್ಳಿದ. ಲುವಾನ್ ಕುಂಚ ಎತ್ತಿದ. ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡು ಬಿಟ್ಟಿದ್ದ ಗೀಟನ್ನು ಎಳೆದ. ಎಳೆದ ಮೇಲೆ ನೋಡುತ್ತಾನೆ, ಅದರ ಕೊನೆ ಎಡಕ್ಕೆ ಚೂರು ಸರಿದಿತ್ತು.

"ಹೋಗು," ಎಂದ ಷಾವ್. "ನೀನು ಏನೂ ಹೇಳಿಲ್ಲ, ನಾನೇನೂ ಕೇಳಿಲ್ಲ."

ಒಂಬತ್ತನೆಯ ತಿಂಗಳು ಗೆದ್ದವರ ಪಟ್ಟಿ ಅಂಟಿಸಿದರು. ಕುವಾಂಗ್ ಮೇಷ್ಟ್ರ ಹೆಸರಿರಲಿಲ್ಲ. ಊರಿಗೆ ಮರಳಿದ ಲುವಾನ್ ಎಂಟು ದಿನ ಅವರ ಬೀದಿ ತಪ್ಪಿಸಿ ಓಡಾಡಿದ. ಒಂಬತ್ತನೆಯ ದಿನ ಅವರೇ ಹೇಳಿ ಕಳಿಸಿದರು. ಹೋದವನು ಹೊಸ್ತಿಲಲ್ಲೇ ಮಂಡಿಯೂರಿದ.

"ಏನೋ ಇದು, ನಾನಿನ್ನೂ ಸತ್ತಿಲ್ಲ ಕಣೋ. ಏಳು."

ಅವನು ಏಳಲಿಲ್ಲ. ನಡೆದದ್ದನ್ನೆಲ್ಲ ನೆಲಕ್ಕೆ ಹೇಳಿದ. ಗೀಟು ಬಿಟ್ಟದ್ದು, ಮತ್ತೆ ಎಳೆದದ್ದು. ಮೇಷ್ಟ್ರು ಗಂಜಿಯ ಬಟ್ಟಲು ಕೆಳಗಿಟ್ಟರು.

"ಯಾವ ಅಕ್ಷರ?"

ಹೇಳಿದ. ಅವರು ಬೆರಳಿನಿಂದ ಮೇಜಿನ ಮೇಲೆ ಬರೆದು ನೋಡಿದರು, ಮತ್ತೊಮ್ಮೆ ಬರೆದರು. ಮುಖ ಕಪ್ಪಿಟ್ಟಿತು. ಎದ್ದು ಗೋಡೆಯ ಕಡೆ ತಿರುಗಿ ನಿಂತರು. ಅವರು ಹೊಡೆದರೆ ಸಾಕಿತ್ತು ಎಂದು ಲುವಾನ್‌ಗೆ ಅನ್ನಿಸಿತು.

"ಇದಕ್ಕೆ ಮುಂಚೆ ಹದಿಮೂರು ಸಲ ಸೋತೆ," ಎಂದರು ಕೊನೆಗೆ, ತಿರುಗದೆ. "ಒಂದು ಸಲಾನೂ ಯಾಕೆ ಅಂತ ಯಾರೂ ಹೇಳಲಿಲ್ಲ." ಆಮೇಲೆ ಈ ಕಡೆ ತಿರುಗಿ, "ಬರಹ ಹೆಂಗಿತ್ತು?" ಎಂದರು.

"ನಾನು ಇಳಿಸಿದ್ರಲ್ಲೆಲ್ಲ ಅದೇ ಮೇಲು, ಗುರುಗಳೇ."

"ಅದನ್ನ ಮೊದಲು ಹೇಳೋದು ಬಿಟ್ಟು!" ಎಂದು ಗದರಿದರು. ಗದರಿದ ದನಿ ನಡುವೆಯೇ ಒಡೆಯಿತು.

ಲುವಾನ್ ಮತ್ತೆ ನಕಲಿಗೆ ಹೋಗಲಿಲ್ಲ. ಕಚೇರಿಯ ಕೆಲಸವನ್ನೂ ಬಿಟ್ಟು ಮೇಷ್ಟ್ರ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸತೊಡಗಿದ. ಮುಂದಿನ ಪರೀಕ್ಷೆ ದಂಗೆಯಿಂದಾಗಿ ಎರಡು ವರ್ಷ ಮುಂದಕ್ಕೆ ಹೋಯಿತು; ಮೇಷ್ಟ್ರು ಎಪ್ಪತ್ತಾರರಲ್ಲಿ ಇನ್ನೊಮ್ಮೆ ಪರೀಕ್ಷೆಗೆ ಕೂತು, ಸೋತು, ಮರುವರ್ಷ ತೀರಿಕೊಂಡರು. ಅವರು ಹೋದ ಎರಡು ವರ್ಷಕ್ಕೆ ಅರಮನೆಯಿಂದ ಆಜ್ಞೆ ಬಂತು: ಇನ್ನು ಮುಂದೆ ಪರೀಕ್ಷೆಯೇ ಇಲ್ಲ. ಸಾವಿರದ ಮುನ್ನೂರು ವರ್ಷದಿಂದ ನಡೆದುಬಂದದ್ದು ಒಂದು ಕಾಗದದಲ್ಲಿ ನಿಂತುಹೋಯಿತು.

ಮರುದಿನ ತಂದೆಯರೆಲ್ಲ ಶಾಲೆಯ ಅಂಗಳದಲ್ಲಿ ಸೇರಿದರು. ಗಾಣದ ಪ್ಯಾನ್ ಎಲ್ಲರ ಪರವಾಗಿ ಜೋರು ಮಾಡಿದ. "ಪರೀಕ್ಷೇನೇ ಇಲ್ಲ ಅಂದ್ಮೇಲೆ ಆ ಕನ್ಫ್ಯೂಷಿಯಸ್ ಗುರು ಹೇಳಿದ್ದನ್ನ ನಮ್ಮ ಹುಡುಗ್ರು ಬಾಯಿಪಾಠ ಮಾಡಿ ಏನು ಕಡಿದು ಗುಡ್ಡೆ ಹಾಕ್ಬೇಕು? ಹೇಳಪ್ಪ ಮೇಷ್ಟ್ರೆ!"

ಲುವಾನ್ ಬಾಗಿಲ ಕಡೆ ನೋಡಿದ. ಒಳಗಿನಿಂದ ಮಕ್ಕಳು ಓದುವ ಸದ್ದು ಕೇಳುತ್ತಿತ್ತು.

"ಪ್ಯಾನಣ್ಣ, ನನಗೂ ಗೊತ್ತಿಲ್ಲ," ಎಂದ. "ನಾಳೆ ಗಂಜಿ ಕುಡಿಸಿ ಕಳಿಸು. ಹಸಿದು ಬಂದ್ರೆ ಪಾಠ ತಲೆಗೆ ಹೋಗಲ್ಲ."

ಪ್ಯಾನ್ ಗೊಣಗುತ್ತ ಹೋದ. ಮರುದಿನ ಇಪ್ಪತ್ತಮೂರು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ ಬಂದರು. ಪ್ಯಾನ್‌ನ ಮಗನೂ ಬಂದಿದ್ದ, ತಂಗಿಯನ್ನು ಜೊತೆಗೆ ಕರೆದುಕೊಂಡು. ಲುವಾನ್ ಅವಳನ್ನೂ ಕರೆದು ಕೂರಿಸಿದ.